ಎಂಬ್ರಾಯ್ಡರಿ ಮಷಿನ್‌ಗೆ ಯಾವ ದಾರ, ಯಾವ ಬಾಬಿನ್? ಹೊಲಿಗೆ ಗ್ರೂಪ್‌ಗಳಲ್ಲಿ ಹರಿದಾಡುವ 8 ಮಾತುಗಳಲ್ಲಿ ನಿಜವೆಷ್ಟು?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮನೆಯಲ್ಲೇ ಹೊಲಿಗೆ ಮಾಡಿ ಸಂಸಾರಕ್ಕೆ ಆಸರೆಯಾಗಿರುವ ಹೆಣ್ಣುಮಕ್ಕಳು ಬಹಳ. ಅವರಲ್ಲಿ ಕೆಲವರು ಸಂಘದ ಸಾಲ ತೆಗೆದೋ, ಕೂಡಿಟ್ಟ ದುಡ್ಡು ಹಾಕಿಯೋ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ತರುತ್ತಾರೆ. ದಾರ ಪದೇ ಪದೇ ತುಂಡಾದರೆ, ಬಟ್ಟೆಯ ಕೆಳಗೆ ಗಂಟು ಕಟ್ಟಿದರೆ ಮೊದಲು ನೆನಪಾಗುವುದು ವಾಟ್ಸ್‌ಆ್ಯಪ್. ಅಲ್ಲಿ ಸಿಗುವ ಸಲಹೆಗಳಲ್ಲಿ ಒಳ್ಳೆಯವೂ ಇವೆ, ಮಷಿನ್ ಕೆಡಿಸುವಂಥವೂ ಇವೆ. ಗಿರಾಕಿ ಕೊಟ್ಟ ಲಗ್ನದ ಬ್ಲೌಸ್ ಹಾಳಾದರೆ ಅದರ ಬೆಲೆ ಕಟ್ಟಿಕೊಡಬೇಕಾದವರು ಹೊಲಿದವರೇ. ಆದ್ದರಿಂದ ಸಾಮಾನ್ಯವಾಗಿ ಕೇಳಿಬರುವ 8 ಮಾತುಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸಿದ್ದೇವೆ.

ಒಂದೇ ನೋಟದಲ್ಲಿ

• ಬಾಬಿನ್‌ನ ಅಗಲ ನೋಡಿದರೆ ಸಾಲದು, ಎತ್ತರವನ್ನೂ ಅಳೆಯಬೇಕು.
• ಮೇಲಿನ ದಾರಕ್ಕೆ 40 ನಂಬರ್, ಬಾಬಿನ್‌ಗೆ ಅದಕ್ಕಿಂತ ತೆಳುವಾದ 60 ಅಥವಾ 90 ನಂಬರ್.
• ದಿನವೂ ಒಗೆಯುವ ಬಟ್ಟೆಗೆ ಪಾಲಿಯೆಸ್ಟರ್ ದಾರ, ಹೊಳಪು ಬೇಕಾದ ಸಭೆ ಸಮಾರಂಭದ ಬಟ್ಟೆಗೆ ರೇಯಾನ್.
• ಮಷಿನ್‌ಗೆ ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ ಬೇಡ.

ಮಾತು 1: "ಬಾಬಿನ್ ಎಲ್ಲಾ ಒಂದೇ, ಒಳಗೆ ಕೂತರೆ ಸಾಕು"

ತಪ್ಪು. ಮನೆಯ ಮಷಿನ್‌ಗಳಲ್ಲಿ ಹೆಚ್ಚಾಗಿ ಬಳಸುವುದು "ಕ್ಲಾಸ್ 15" ಬಾಬಿನ್. ಅದರ ಅಗಲ ಸುಮಾರು 20 ಮಿ.ಮೀ., ಎತ್ತರ ಸುಮಾರು 11.5 ಮಿ.ಮೀ. ದೊಡ್ಡ ಕಮರ್ಷಿಯಲ್ ಎಂಬ್ರಾಯ್ಡರಿ ಮಷಿನ್‌ಗಳಿಗೆ ಬರುವುದು "ಎಲ್" ಬಾಬಿನ್. ಅದರ ಅಗಲವೂ ಹೆಚ್ಚುಕಡಿಮೆ ಅಷ್ಟೇ, ಆದರೆ ಎತ್ತರ ಸುಮಾರು 9 ಮಿ.ಮೀ. ಮಾತ್ರ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುವುದರಿಂದಲೇ ಅಂಗಡಿಯಲ್ಲಿ ಅದಲು ಬದಲಾಗುತ್ತವೆ.

ಕ್ಲಾಸ್ 15 ಕೂರುವ ಜಾಗದಲ್ಲಿ ಎಲ್ ಬಾಬಿನ್ ಹಾಕಿದರೆ ಅದು ಒಳಗೆ ಕುಣಿಯುತ್ತದೆ. ದಾರ ಒಮ್ಮೆ ಬಿಗಿ, ಒಮ್ಮೆ ಸಡಿಲವಾಗಿ ಹೊಲಿಗೆ ಕೆಡುತ್ತದೆ. ಕ್ಲಾಸ್ 15ರಲ್ಲೇ "15ಜೆ" ಎಂಬ ಇನ್ನೊಂದು ಬಗೆ ಇದೆ. ಅದರ ಎರಡೂ ಬದಿ ತುಸು ಉಬ್ಬಿರುತ್ತವೆ. ನಿಮ್ಮ ಮಷಿನ್ ಜೊತೆ ಬಂದದ್ದು ಯಾವುದೋ ಅದನ್ನೇ ಕೊಳ್ಳಬೇಕು.

ಏನು ಮಾಡಬೇಕು? ಮಷಿನ್ ಜೊತೆ ಬಂದ ಬಾಬಿನ್‌ಗಳಲ್ಲಿ ಒಂದನ್ನು ಬಳಸದೆ ತೆಗೆದಿಡಿ. ಕಲಬುರಗಿಗೋ ಸೊಲ್ಲಾಪುರಕ್ಕೋ ಸಾಮಾನು ತರಲು ಹೋಗುವಾಗ ಅದು ಕೈಯಲ್ಲಿರಲಿ. ಹೊಸದನ್ನು ಪಕ್ಕಕ್ಕೆ ನಿಲ್ಲಿಸಿ ಎತ್ತರ ಹೋಲಿಸಿ ನೋಡಿ. ಮಕ್ಕಳ ಶಾಲೆಯ ಸ್ಕೇಲ್‌ನಲ್ಲೇ ಈ 2.5 ಮಿ.ಮೀ. ವ್ಯತ್ಯಾಸ ತಿಳಿಯುತ್ತದೆ. ದಾರ ಸುತ್ತಿ ಬರುವ ರೆಡಿ ಬಾಬಿನ್ ಕೊಳ್ಳುವಾಗಲೂ ಪೊಟ್ಟಣದ ಮೇಲೆ "15" ಇದೆಯೋ "ಎಲ್" ಇದೆಯೋ ಓದಿಕೊಳ್ಳಿ.

ಮಾತು 2: "ಪ್ಲಾಸ್ಟಿಕ್ ಬಾಬಿನ್ ತೆಗೆದು ಸ್ಟೀಲ್ ಹಾಕಿ, ಗಟ್ಟಿ ಬರುತ್ತದೆ"

ಎಲ್ಲ ಮಷಿನ್‌ಗೂ ಇದು ಸರಿಯಲ್ಲ. ಹಳೆಯ ಕಪ್ಪು ಕಾಲು ಮಷಿನ್‌ಗಳಲ್ಲಿ ಬಾಬಿನ್ ಲೋಹದ ಕೇಸ್ ಒಳಗೆ ಕೂರುತ್ತದೆ; ಅಲ್ಲಿ ಲೋಹದ ಬಾಬಿನ್ ಸರಿಯೇ. ಮೇಲಿನಿಂದ ಬಾಬಿನ್ ಇಳಿಸುವ ಕಂಪ್ಯೂಟರ್ ಮಷಿನ್‌ಗಳಲ್ಲಿ ಕೇಸ್ ಪ್ಲಾಸ್ಟಿಕ್‌ನದು. ಭಾರವಾದ ಸ್ಟೀಲ್ ಬಾಬಿನ್ ಅದನ್ನು ಗೀರುತ್ತದೆ. ಗೀರಿದ ಜಾಗಕ್ಕೆ ದಾರ ಸಿಕ್ಕಿ ತುಂಡಾಗುತ್ತದೆ. ತೂಕ ಬದಲಾದ್ದರಿಂದ ಮಷಿನ್ ನಿಂತಾಗಲೂ ಬಾಬಿನ್ ಸುತ್ತುತ್ತಲೇ ಇದ್ದು ದಾರ ಸಡಿಲಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್‌ನ ಇನ್ನೊಂದು ಅನುಕೂಲವೆಂದರೆ ದಾರ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಅಂಚು ಸೀಳಿದ, ಮುಕ್ಕಾದ ಪ್ಲಾಸ್ಟಿಕ್ ಬಾಬಿನ್ ಇದ್ದರೆ ಮಾತ್ರ ಎಸೆದುಬಿಡಿ.

ಮಾತು 3: "ಅಂಗಡಿಯಲ್ಲಿ ಸಿಗುವ ಸಿಲ್ಕ್ ದಾರ ಅಸಲಿ ರೇಷ್ಮೆ"

ಬಹುತೇಕ ಅಲ್ಲ. "ಸಿಲ್ಕ್ ಥ್ರೆಡ್", "ರೇಶಮ್" ಎಂಬ ಹೆಸರಲ್ಲಿ ಕಡಿಮೆ ಬೆಲೆಗೆ ಸಿಗುವ ಹೊಳೆಯುವ ದಾರ ಹೆಚ್ಚಾಗಿ ರೇಯಾನ್, ಅಂದರೆ ವಿಸ್ಕೋಸ್. ಮರದ ತಿರುಳಿನಿಂದ ತಯಾರಾಗುವ ಎಳೆ ಅದು. ಅದರ ಹೊಳಪು ಚೆಂದ. ಎಂಬ್ರಾಯ್ಡರಿಗೆ ಒಳ್ಳೆಯ ದಾರವೇ. ಆದರೆ ಅದನ್ನು ರೇಷ್ಮೆ ಎಂದು ತಿಳಿದು ರೇಷ್ಮೆಯ ಬೆಲೆ ಕೊಡಬೇಡಿ.

ಮನೆಯಲ್ಲೇ ಪರೀಕ್ಷಿಸಬಹುದು. ಗೇಣುದ್ದದ ದಾರವನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ತುದಿಗೆ ಬೆಂಕಿ ತಾಗಿಸಿ. ಬಟ್ಟೆ, ಮಕ್ಕಳು ದೂರವಿರಲಿ.

• ಕಾಗದದಂತೆ ಸರ್ರನೆ ಉರಿದು, ಸುಟ್ಟ ಕಾಗದದ ವಾಸನೆ ಬಂದು, ಮೆತ್ತನೆ ಬೂದಿ ಉಳಿದರೆ ರೇಯಾನ್ ಅಥವಾ ಹತ್ತಿ.
• ಕರಗಿ, ಕಪ್ಪು ಹೊಗೆ ಬಿಟ್ಟು, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಪಾಲಿಯೆಸ್ಟರ್.
• ನಿಧಾನವಾಗಿ ಸುಟ್ಟು, ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ.

ಈ ವ್ಯತ್ಯಾಸ ಯಾಕೆ ಮುಖ್ಯ? ರೇಯಾನ್ ನೀರಲ್ಲಿ ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಬ್ಲೀಚಿಂಗ್ ಪುಡಿ ತಾಗಿದರೆ ಅದರ ಬಣ್ಣವೂ ಹೋಗುತ್ತದೆ. ಹಾಗಾಗಿ ಶಾಲೆಯ ಯೂನಿಫಾರ್ಮ್ ಲೋಗೋ, ಮಕ್ಕಳ ಬಟ್ಟೆ, ದಿನವೂ ಕಲ್ಲಿಗೆ ಬಡಿದು ಒಗೆಯುವ ಬಟ್ಟೆಗೆ ಪಾಲಿಯೆಸ್ಟರ್ ಹಾಕಿ. ವರ್ಷಕ್ಕೆ ಎರಡು ಮೂರು ಸಲ ಉಡುವ ರೇಷ್ಮೆ ಸೀರೆಯ ಬ್ಲೌಸ್‌ಗೆ ರೇಯಾನ್ ಒಪ್ಪುತ್ತದೆ. ಯಾವುದೇ ಆಗಲಿ, ಇಸ್ತ್ರಿಯನ್ನು ಹಿಂಬದಿಯಿಂದಲೇ ಮಾಡಲು ಗಿರಾಕಿಗೆ ಹೇಳಿ.

ಕೆಂಪು, ಕಡುನೀಲಿ, ಹಸಿರು ದಾರ ಮೊದಲ ಸಲ ತಂದಾಗ ಇನ್ನೊಂದು ಪರೀಕ್ಷೆ ಮಾಡಿ. ಒಂದು ತುಂಡು ದಾರವನ್ನು ಒದ್ದೆ ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು ಇಸ್ತ್ರಿ ಒತ್ತಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ತಿಳಿ ಬಣ್ಣದ ಬ್ಲೌಸ್‌ಗೆ ಬೇಡ.

ಮಾತು 4: "ನಂಬರ್ ದೊಡ್ಡದಿದ್ದಷ್ಟೂ ದಾರ ದಪ್ಪ"

ಉಲ್ಟಾ. ಸಾಮಾನ್ಯ ಲೆಕ್ಕದಲ್ಲಿ 40 ನಂಬರ್ ಎಂದರೆ 1 ಕಿಲೋ ದಾರ 40 ಕಿ.ಮೀ. ಉದ್ದ ಬರುತ್ತದೆ ಎಂದರ್ಥ. 60 ನಂಬರ್ ಆದರೆ 60 ಕಿ.ಮೀ. ಅದೇ ತೂಕದಲ್ಲಿ ಹೆಚ್ಚು ಉದ್ದ ಬರಬೇಕಾದರೆ ದಾರ ತೆಳುವಿರಲೇಬೇಕಲ್ಲವೇ?

ನಮ್ಮ ಅಂಗಡಿಗಳಲ್ಲಿ ರೀಲಿನ ಮೇಲೆ "120ಡಿ/2" ಎಂದೂ ಬರೆದಿರುತ್ತದೆ. ಇದು ಡೆನಿಯರ್ ಲೆಕ್ಕ. 9,000 ಮೀಟರ್ ದಾರದ ತೂಕ ಎಷ್ಟು ಗ್ರಾಂ ಎಂಬುದೇ ಡೆನಿಯರ್. "/2" ಎಂದರೆ ಎರಡು ಎಳೆ ಹುರಿ ಮಾಡಿದ್ದು. 120ರ ಎರಡು ಎಳೆ ಸೇರಿ 240 ಡೆನಿಯರ್, ಅಂದರೆ ಕಿಲೋಗೆ ಸುಮಾರು 37.5 ಕಿ.ಮೀ. ಹತ್ತಿರ ಹತ್ತಿರ 40 ನಂಬರೇ. "75ಡಿ/2" ಎಂದಿದ್ದರೆ 150 ಡೆನಿಯರ್, ಅಂದರೆ ಸರಿಯಾಗಿ 60 ನಂಬರ್. ಡೆನಿಯರ್ ಲೆಕ್ಕದಲ್ಲಿ ಮಾತ್ರ ಅಂಕಿ ದೊಡ್ಡದಾದಷ್ಟೂ ದಾರ ದಪ್ಪ. ಎರಡು ಲೆಕ್ಕ ಬೆರೆತದ್ದರಿಂದಲೇ ಈ ಗೊಂದಲ ಹುಟ್ಟಿರುವುದು.

ಮಷಿನ್‌ಗೆ ಸಿಗುವ ಡಿಸೈನ್‌ಗಳನ್ನು ಹೆಚ್ಚಾಗಿ 40 ನಂಬರ್ ದಾರಕ್ಕೆಂದೇ ಮಾಡಿರುತ್ತಾರೆ. ಅದಕ್ಕೆ 75/11 ಸೂಜಿ ಸರಿ. ಚಿಕ್ಕ ಅಕ್ಷರ, ಹೆಸರು ಬರೆಯಲು 60 ನಂಬರ್ ಚೊಕ್ಕವಾಗಿ ಕೂರುತ್ತದೆ. ಜರಿ ದಾರಕ್ಕೆ ಕಣ್ಣು ದೊಡ್ಡದಿರುವ 90/14 ಸೂಜಿ ಹಾಕಿ, ವೇಗ ಇಳಿಸಿ, ಮೇಲಿನ ಟೆನ್ಷನ್ ತುಸು ಸಡಿಲಿಸಿ.

ಮಾತು 5: "ಮೇಲೆ ಯಾವ ದಾರವೋ ಬಾಬಿನ್‌ಗೂ ಅದೇ ಹಾಕಬೇಕು"

ಸಾಮಾನ್ಯ ಹೊಲಿಗೆಯಲ್ಲಿ ನಿಜ, ಎಂಬ್ರಾಯ್ಡರಿಯಲ್ಲಿ ಅಲ್ಲ. ಎಂಬ್ರಾಯ್ಡರಿಯಲ್ಲಿ ಕೆಳಗಿನ ದಾರ ಕಾಣಬಾರದು. ಮೇಲಿನ ದಾರವನ್ನು ಕೆಳಕ್ಕೆ ಎಳೆದು ಹಿಡಿಯುವುದಷ್ಟೇ ಅದರ ಕೆಲಸ. ಅದಕ್ಕಾಗಿ 60 ಅಥವಾ 90 ನಂಬರ್‌ನ ತೆಳು ಪಾಲಿಯೆಸ್ಟರ್ ಸಾಕು. ತಿಳಿ ಬಟ್ಟೆಗೆ ಬಿಳಿ, ಕಡು ಬಟ್ಟೆಗೆ ಕಪ್ಪು ಇಟ್ಟುಕೊಂಡರೆ ಬಣ್ಣ ಬದಲಾದಾಗಲೆಲ್ಲ ಬಾಬಿನ್ ಬದಲಿಸುವ ಕಾಟವಿಲ್ಲ. ದುಪಟ್ಟಾ, ಸೆರಗಿನಂತೆ ಹಿಂಬದಿಯೂ ಕಾಣುವ ಕಡೆ ಮಾತ್ರ ಒಂದೇ ಬಣ್ಣ ಬೇಕು. ಸಾದಾ ಹೊಲಿಗೆ ದಾರ ಬಾಬಿನ್‌ಗೆ ಹಾಕಿದರೆ ಕೆಲಸವೇನೋ ನಡೆಯುತ್ತದೆ. ಆದರೆ ಹಿಂಬದಿ ಹಲಗೆಯಂತಾಗಿ ಮೈಗೆ ಚುಚ್ಚುತ್ತದೆ, ಬಾಬಿನ್ ಬೇಗ ಖಾಲಿಯಾಗುತ್ತದೆ.

ಬಾಬಿನ್ ಸುತ್ತುವಾಗ ವೇಗ ಕಡಿಮೆ ಇರಲಿ. ಪಾಲಿಯೆಸ್ಟರ್ ದಾರ ಜೋರಾಗಿ ಸುತ್ತಿದರೆ ಹಿಗ್ಗುತ್ತದೆ. ಬಟ್ಟೆಗೆ ಬಿದ್ದ ಮೇಲೆ ಮತ್ತೆ ಕುಗ್ಗಿ ಡಿಸೈನ್ ಸುತ್ತ ನೆರಿಗೆ ಬರುತ್ತದೆ.

ದಾರ ಎಷ್ಟು ಬೇಕು ಎಂಬುದಕ್ಕೆ ಅಂದಾಜು ಲೆಕ್ಕ: 1,000 ಹೊಲಿಗೆಗೆ ಮೇಲಿನ ದಾರ ಸುಮಾರು 5 ಮೀಟರ್. 20,000 ಹೊಲಿಗೆಯ ತೋಳಿನ ಡಿಸೈನ್‌ಗೆ ಸುಮಾರು 100 ಮೀಟರ್. ಅಂದರೆ 1,000 ಮೀಟರ್ ರೀಲಿನಲ್ಲಿ ಅಂಥ ಹತ್ತು ತೋಳು. ಆರ್ಡರ್ ಹಿಡಿಯುವ ಮೊದಲೇ ಹೀಗೆ ಲೆಕ್ಕ ಹಾಕಿದರೆ ಅರ್ಧಕ್ಕೆ ದಾರ ಮುಗಿದು, ಅದೇ ಬಣ್ಣ ಹುಡುಕಿಕೊಂಡು ಬಸ್ ಹತ್ತುವುದು ತಪ್ಪುತ್ತದೆ.

ಮಾತು 6: "ಬಟ್ಟೆಯ ಕೆಳಗೆ ಗಂಟು ಕಟ್ಟಿದರೆ ಬಾಬಿನ್ ಕೆಟ್ಟಿದೆ"

ಹೆಚ್ಚಿನ ಸಲ ತಪ್ಪು ಮೇಲಿನ ದಾರದ್ದು. ಕೆಳಗೆ ಕಾಣುವ ಗುಂಜು ಗುಂಜು ಕುಣಿಕೆ ಮೇಲಿನ ದಾರವೇ. ಬಣ್ಣ ನೋಡಿದರೆ ಗೊತ್ತಾಗುತ್ತದೆ. ಪಾದ ಇಳಿಸಿಟ್ಟು ದಾರ ಪೋಣಿಸಿದರೆ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ. ದಾರ ಅವುಗಳ ನಡುವೆ ಇಳಿಯದೆ ಹೊರಗೇ ಉಳಿದು, ಹಿಡಿತವಿಲ್ಲದೆ ಕೆಳಕ್ಕೆ ಸುರಿಯುತ್ತದೆ. ಪಾದ ಎತ್ತಿ, ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ. ಸ್ಕ್ರೂ ತಿರುಗಿಸುವ ಮೊದಲು ಇದನ್ನು ಮಾಡಿ.

ಆಮೇಲೂ ಸರಿಹೋಗದಿದ್ದರೆ ಬಾಬಿನ್ ಕೇಸ್ ಬಿಚ್ಚಿ ಬ್ರಷ್‌ನಿಂದ ನಾರು, ಧೂಳು ತೆಗೆಯಿರಿ. ಬಾಯಿಂದ ಊದಬೇಡಿ, ತೇವ ಒಳಗೆ ಹೋಗುತ್ತದೆ. ಬಾಬಿನ್ ಸುತ್ತುವ ದಿಕ್ಕನ್ನು ಮುಚ್ಚಳದ ಮೇಲಿನ ಬಾಣದ ಗುರುತಿನ ಜೊತೆ ಹೋಲಿಸಿ. ಸೂಜಿಯನ್ನು ಸುಮಾರು 8 ಗಂಟೆ ಹೊಲಿಗೆಗೊಮ್ಮೆ ಬದಲಿಸಿ.

ಟೆನ್ಷನ್ ಸರಿ ಇದೆಯೇ ಎಂದು ತಿಳಿಯಲು ಒತ್ತಾದ ಹೊಲಿಗೆಯ ಪಟ್ಟಿಯನ್ನು ಹಿಂದೆ ತಿರುಗಿಸಿ ನೋಡಿ. ನಡುವಿನ ಮೂರನೇ ಒಂದು ಭಾಗ ಬಾಬಿನ್ ದಾರ, ಎರಡೂ ಬದಿಗೆ ಮೇಲಿನ ದಾರ ಕಂಡರೆ ಸರಿ. ಮುಂಭಾಗದಲ್ಲೇ ಬಿಳಿ ಚುಕ್ಕೆ ಕಂಡರೆ ಮೇಲಿನ ಟೆನ್ಷನ್ ಜಾಸ್ತಿ ಅಥವಾ ಕೆಳಗಿನದು ಸಡಿಲ.

ಮಾತು 7: "ತುಂಡಾಗುವ ದಾರವನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ"

ಇದರಲ್ಲಿ ಸ್ವಲ್ಪ ನಿಜ, ಬಹಳಷ್ಟು ಉತ್ಪ್ರೇಕ್ಷೆ. ವಿಸ್ಕೋಸ್ ರೇಯಾನ್ ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಶೇ 11ರಿಂದ 13ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಹತ್ತಿ ಶೇ 8.5ರಷ್ಟು. ಪಾಲಿಯೆಸ್ಟರ್ ಹಿಡಿಯುವುದು ಶೇ 0.4 ಮಾತ್ರ. ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ ಹವೆ ಒಣಗಿದಾಗ ರೇಯಾನ್ ದಾರ ಗರಿಗರಿಯಾಗಿ ತುಂಡಾಗುವುದುಂಟು. ಲಗ್ನದ ಸೀಸನ್ನೂ ಆಗಲೇ. ಆದರೆ ಒಣಗಿದ ದಾರಕ್ಕೆ ಬೇಕಾದದ್ದು ತೇವ, ತಂಪಲ್ಲ. ಪಾಲಿಯೆಸ್ಟರ್‌ಗಂತೂ ಫ್ರಿಜ್‌ನಿಂದ ಏನೂ ಲಾಭವಿಲ್ಲ. ಬಿಸಿಲಿಗೆ ವರ್ಷಗಟ್ಟಲೆ ಕೂತು ಜೀವ ಕಳೆದುಕೊಂಡ ದಾರವನ್ನು ಯಾವ ಫ್ರಿಜ್ಜೂ ಉಳಿಸುವುದಿಲ್ಲ.

ದಾರವನ್ನು ಕಿಟಕಿಯ ಬಿಸಿಲು ತಾಗದ ಡಬ್ಬಿಯಲ್ಲಿ ಮುಚ್ಚಿಡಿ. ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿದ ರೀಲು ಕೊಳ್ಳಬೇಡಿ. ಕೊಳ್ಳುವಾಗ ಒಂದು ಮಾರು ಎಳೆದು ಬೆಳಕಿಗೆ ಹಿಡಿಯಿರಿ. ನಾರು ಎದ್ದಿದ್ದರೆ, ಅಲ್ಲಲ್ಲಿ ಗಂಟಿದ್ದರೆ, ಎರಡು ಕೈಯಲ್ಲಿ ಜಗ್ಗಿದೊಡನೆ ತುಂಡಾದರೆ ಬಿಟ್ಟುಬಿಡಿ. ಮನೆಯ ಎಂಬ್ರಾಯ್ಡರಿ ಮಷಿನ್ ನಿಮಿಷಕ್ಕೆ 400ರಿಂದ 850 ಹೊಲಿಗೆ ಹಾಕುತ್ತದೆ. ದಾರದ ಒಂದೇ ಜಾಗ ಬಟ್ಟೆಗೆ ಬೀಳುವ ಮುನ್ನ ಸೂಜಿ ಕಣ್ಣಲ್ಲಿ ಹತ್ತಾರು ಸಲ ಹಿಂದೆ ಮುಂದೆ ಉಜ್ಜುತ್ತದೆ. ಕೈಹೊಲಿಗೆಗೆ ತಡೆದ ದಾರ ಇಲ್ಲಿ ತಡೆಯಲಿಕ್ಕಿಲ್ಲ.

ಮಾತು 8: "ದಾರ ತುಂಡಾದರೆ ಶಟಲ್‌ಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ"

ಮಾಡಬೇಡಿ. ಈ ಎಂಟರಲ್ಲಿ ಹೆಚ್ಚು ನಷ್ಟ ತರುವ ಸಲಹೆ ಇದೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಕಡೆಯ ಚಳಿಗಾಲದ ಮುಂಜಾವಿಗೆ ಅದು ಶಟಲ್ ಒಳಗೆ ಮೇಣದಂತೆ ಕೂರುತ್ತದೆ. ಕುಸುಬಿ, ಅಗಸೆ ಎಣ್ಣೆ ಇನ್ನೂ ಕೆಟ್ಟದ್ದು. ಗಾಳಿ ತಾಗಿ ಒಣಗಿ ಅಂಟಾಗುವ ಗುಣ ಇರುವುದರಿಂದಲೇ ಅವನ್ನು ಬಣ್ಣಗಳಲ್ಲಿ ಬಳಸುತ್ತಾರೆ. ಅದೇ ಗುಣ ಮಷಿನ್ ಒಳಗೆ ಧೂಳು, ನಾರು ಸೇರಿಸಿ ಭಾಗಗಳನ್ನು ಹಿಡಿದುಬಿಡುತ್ತದೆ.

ಹೊಲಿಗೆ ಮಷಿನ್ ಎಣ್ಣೆ ಎಂದು ಸಿಗುವ ತೆಳು ಖನಿಜ ತೈಲವನ್ನೇ ಬಳಸಿ, ಅದೂ ಮಷಿನ್ ಪುಸ್ತಕದಲ್ಲಿ ಹೇಳಿದ ಕಡೆ ಮಾತ್ರ. ಕೆಲವು ಕಂಪ್ಯೂಟರ್ ಮಷಿನ್‌ಗಳಿಗೆ ಮನೆಯವರು ಎಣ್ಣೆ ಹಾಕಲೇಬಾರದೆಂದು ಪುಸ್ತಕದಲ್ಲಿ ಬರೆದಿರುತ್ತದೆ.

ಉಚಿತ ಮಷಿನ್ ಲಿಂಕ್ ಬಂದರೆ?

ಇದೇ ಗ್ರೂಪ್‌ಗಳಲ್ಲಿ "ಪ್ರಧಾನಮಂತ್ರಿ ಉಚಿತ ಹೊಲಿಗೆ ಯಂತ್ರ ಯೋಜನೆ" ಎಂಬ ಸಂದೇಶವೂ ಸುತ್ತುತ್ತದೆ. ಆ ಹೆಸರಿನ ಯೋಜನೆ ಕೇಂದ್ರದಲ್ಲಿ ಇಲ್ಲ ಎಂದು ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಹೇಳಿದೆ. ನಿಜವಾಗಿ ಇರುವುದು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿ ವೇಳೆ ದಿನಕ್ಕೆ ₹500 ಭತ್ಯೆ, ಉಪಕರಣಕ್ಕೆ ₹15,000ದವರೆಗೆ ಇ-ವೋಚರ್ ಇದೆ. ನೋಂದಣಿ ಸಾಮಾನ್ಯ ಸೇವಾ ಕೇಂದ್ರದ ಮೂಲಕ ನಡೆಯುತ್ತದೆ. ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್‌ನ ಬೆಲೆ ಈ ವೋಚರ್‌ಗಿಂತ ಹಲವು ಪಟ್ಟು ಹೆಚ್ಚು. ಆಧಾರ್, ಒಟಿಪಿ, "ಫಾರ್ಮ್ ಫೀ" ಕೇಳುವ ಲಿಂಕ್ ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ.

ಕೊನೆಯ ಮಾತು

ಹೊಸ ದಾರ, ಹೊಸ ಬಾಬಿನ್ ಯಾವುದೇ ಬರಲಿ, ಗಿರಾಕಿಯ ಬಟ್ಟೆಗೆ ಹಾಕುವ ಮೊದಲು ಅದೇ ಥರದ ಹಳೆಯ ತುಂಡಿಗೆ ಬಕ್ರಮ್ ಇಟ್ಟು ಒಂದು ಚಿಕ್ಕ ಹೂ ತೆಗೆದು ನೋಡಿ. ಐದು ನಿಮಿಷದ ಕೆಲಸ. ಆ ತುಂಡಿನ ಹಿಂದೆ ದಾರದ ನಂಬರ್, ಟೆನ್ಷನ್ ಅಂಕಿ ಬರೆದಿಟ್ಟುಕೊಂಡರೆ ಮುಂದಿನ ಸಲ ಯಾವ ಫಾರ್ವರ್ಡನ್ನೂ ಹುಡುಕಬೇಕಾಗಿಲ್ಲ.