ತ್ರ್ಯಂಬಕ: ಊರಿಗೂ ದೇವರಿಗೂ ಒಂದೇ ಹೆಸರು

ತ್ರ್ಯಂಬಕವು ನಾಸಿಕ್‌ನಿಂದ ಸುಮಾರು 28 ಕಿ.ಮೀ. ದೂರದಲ್ಲಿ, ಬ್ರಹ್ಮಗಿರಿಯ ಬುಡದಲ್ಲಿರುವ ಪಟ್ಟಣ. ಗೋದಾವರಿ ಹುಟ್ಟುವುದು ಈ ಬೆಟ್ಟದಲ್ಲೇ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ತ್ರ್ಯಂಬಕೇಶ್ವರನ ಹೆಸರೇ ಊರಿಗೂ ನಿಂತಿದೆ. ಮರಾಠಿಗರ ಆಡುಮಾತಿನಲ್ಲಿ ಅದು ತ್ರಿಂಬಕ.

ಹೆಸರು ಊರಿಗಿಂತ ಬಹಳ ಹಳೆಯದು. ಋಗ್ವೇದದ ಏಳನೆಯ ಮಂಡಲದಲ್ಲಿರುವ, ಇಂದು ಮಹಾಮೃತ್ಯುಂಜಯ ಮಂತ್ರವೆಂದು ಮನೆಮನೆಯಲ್ಲೂ ಜಪಿಸುವ ಋಕ್ಕು ಈ ಪದದಿಂದಲೇ ಆರಂಭವಾಗುತ್ತದೆ. ಮುಕ್ಕಣ್ಣ ಎಂಬ ಅರ್ಥ ನಮಗೆ ರೂಢಿ. ‘ಅಂಬಾ’ ಎಂದರೆ ತಾಯಿಯಾದ್ದರಿಂದ ಮೂವರು ತಾಯಂದಿರ ಮಗ ಎಂದು ಅರ್ಥೈಸಿದವರೂ ಇದ್ದಾರೆ. ಶತಪಥ ಬ್ರಾಹ್ಮಣದ ವಿವರಣೆ ಇನ್ನೂ ಸೊಗಸು: ಅಂಬಿಕೆ ರುದ್ರನ ಸೋದರಿ, ತ್ರ್ಯಂಬಕವೆಂಬ ಹವಿಸ್ಸನ್ನು ಅವನು ಆ ಸ್ತ್ರೀಯ ಜೊತೆ ಹಂಚಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ನಾಲ್ಕು ದಾರಿ ಕೂಡುವಲ್ಲಿ ರುದ್ರನಿಗೆ ಪುರೋಡಾಶ ಅರ್ಪಿಸುವ ಆ ಯಾಗದಲ್ಲಿ ಮದುವೆ ಬಯಸುವ ಕನ್ಯೆಯರೂ ಬೆಂಕಿಗೆ ಸುತ್ತು ಬರುತ್ತಿದ್ದರು.

ಮೂರರ ಲೆಕ್ಕಕ್ಕೆ ಊರಿನದೇ ಉತ್ತರ ಗರ್ಭಗುಡಿಯಲ್ಲಿದೆ. ಅಲ್ಲಿ ಎದ್ದುನಿಂತ ಲಿಂಗವಿಲ್ಲ. ಪೀಠದ ನಡುವೆ ಒಂದು ಕುಳಿ, ಅದರೊಳಗೆ ಹೆಬ್ಬೆರಳ ಗಾತ್ರದ ಮೂರು ಲಿಂಗಗಳು: ಬ್ರಹ್ಮ, ವಿಷ್ಣು, ಮಹೇಶ್ವರ. ಈಗಿನ ಕಪ್ಪುಶಿಲೆಯ ದೇಗುಲವನ್ನು ನಾನಾಸಾಹೇಬ ಪೇಶ್ವೆ 1755ರಲ್ಲಿ ಆರಂಭಿಸಿದ. 1761ರಲ್ಲಿ ಅವನು ತೀರಿಕೊಂಡ ಮೇಲೂ ಕೆಲಸ ನಡೆದು 1786ರಲ್ಲಿ ಮುಗಿಯಿತು.

ಹೀಗೆ ದೇವರಿಂದ ಊರಿಗೆ ಹೆಸರು ಬರುವುದು ನಮ್ಮ ಕಡೆಯ ವಾಡಿಕೆ. ಮೆಸೊಪೊಟೇಮಿಯದ ಅಶೂರ್ ಇದಕ್ಕೆ ತಿರುಗುಮುರುಗಾಗಿರುವಂತಿದೆ. ಇಂದಿನ ಇರಾಕಿನಲ್ಲಿ, ಟೈಗ್ರಿಸ್ ದಂಡೆಯ ಈ ನಗರವನ್ನು ಜರ್ಮನಿಯ ವಾಲ್ಟರ್ ಆಂಡ್ರೆ 1903ರಿಂದ 1914ರವರೆಗೆ ಅಗೆಸಿದ. ಬೆಣೆಲಿಪಿಯ ಬರಹಗಳಲ್ಲಿ ಊರಿಗೂ ದೇವರಿಗೂ ಒಂದೇ ಪದ. ಜೊತೆಗಿರುವ ಸಂಕೇತ ದೇವತೆಯದೋ ಸ್ಥಳದ್ದೋ ಎಂದು ನೋಡಿ ಬೇರ್ಪಡಿಸಬೇಕು. ಅಲ್ಲಿನ ಮೊದಲ ದೊರೆಗಳು ತಮ್ಮನ್ನು ರಾಜರೆನ್ನದೆ ಅಶೂರನ ಪಾರುಪತ್ಯಗಾರರೆಂದು ಕರೆದುಕೊಂಡರು. ಉಳಿದ ದೇವತೆಗಳಿಗಿರುವ ಹೆಂಡತಿ ಮಕ್ಕಳ ಕತೆ ಈ ದೇವರಿಗೆ ಮೊದಲಲ್ಲಿ ಇರಲಿಲ್ಲ. ಅದನ್ನು ಗಮನಿಸಿದ ವಿದ್ವಾಂಸ ಡಬ್ಲ್ಯು. ಜಿ. ಲ್ಯಾಂಬರ್ಟ್, ಆ ನೆಲವೇ ದೇವರಾಯಿತು ಎಂದು 1983ರಲ್ಲಿ ವಾದಿಸಿದರು. ಅಶೂರನಿಗೆ ಹೆಂಡತಿ ಬಂದದ್ದು ಮುಂದೆ, ಅವನನ್ನು ಎನ್ಲಿಲ್ ದೇವರೊಂದಿಗೆ ಒಂದಾಗಿಸಿದಾಗ. ಈ ವಾದ ಒಪ್ಪುವಂತಿದೆ.

ಆದರೆ ನಮ್ಮ ಕಡೆಯಲ್ಲೂ ಜ್ಯೋತಿರ್ಲಿಂಗವಿದ್ದ ಮಾತ್ರಕ್ಕೆ ಊರು ದೇವರ ಹೆಸರನ್ನೇ ಹೊರಬೇಕೆಂದೇನೂ ಇಲ್ಲ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೆರುಳದಲ್ಲಿ ಘೃಷ್ಣೇಶ್ವರನಿದ್ದಾನೆ, ಊರಿನ ಹೆಸರು ಬೇರೆಯೇ. ನಾವು ಎಲ್ಲೋರ ಎನ್ನುವ ಆ ಜಾಗವನ್ನು ರಾಷ್ಟ್ರಕೂಟರ ಬರೋಡ ತಾಮ್ರಪಟ ಎಲಾಪುರವೆಂದು ಕರೆಯುತ್ತದೆ. ಒಂದನೆಯ ಕೃಷ್ಣ ಅಲ್ಲಿ ಕಟ್ಟಿಸಿದ ಶಿವಾಲಯವನ್ನು ಹೊಗಳುವುದೂ ಅದೇ ಶಾಸನ.