ಮಾಂಟೆವರ್ಡೆ ರಕ್ಷಿತಾರಣ್ಯದ ಪೂರ್ವವೃತ್ತಾಂತ

ಮಧ್ಯ ಅಮೆರಿಕದ ಕೋಸ್ಟರಿಕ ದೇಶದಲ್ಲಿರುವ ಮಾಂಟೆವರ್ಡೆ ಎಂಬ ಪರ್ವತಾರಣ್ಯವು ವರ್ಷದ ಬಹುಭಾಗ ಮೋಡದಲ್ಲಿ ಮುಳುಗಿರುತ್ತದೆ. ನೀಳಬಾಲದ ಕೆಟ್ಸಾಲ್ ಪಕ್ಷಿಯನ್ನು ಕಾಣಲೂ ಮರದ ನೆತ್ತಿಗಳ ನಡುವಣ ತೂಗುಸೇತುವೆಗಳ ಮೇಲೆ ನಡೆದಾಡಲೂ ಇಂದು ಜನರು ದೂರದೇಶಗಳಿಂದ ಅಲ್ಲಿಗೆ ಬರುತ್ತಾರೆ. ಆದರೆ ಈ ಕಾಡು ಮೊದಲಿಗೆ ಉಳಿದದ್ದು ನೋಟಕರಿಗಾಗಿ ಅಲ್ಲ, ನೀರಿಗಾಗಿ ಎಂಬುದನ್ನು ನಾವು ಇಲ್ಲಿ ಗಮನಕ್ಕೆ ತರಬಯಸುತ್ತೇವೆ.

ಯುದ್ಧವನ್ನು ಧರ್ಮವಿರುದ್ಧವೆಂದೆಣಿಸುವ ಕ್ವೇಕರ್ ಪಂಥದ ಕೆಲವು ತರುಣರು ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ಸೈನ್ಯದ ಪಟ್ಟಿಗೆ ಹೆಸರು ಕೊಡಲೊಪ್ಪದೆ ೧೯೪೯ರಲ್ಲಿ ಸೆರೆಮನೆ ಕಂಡರು. ಕೋಸ್ಟರಿಕವಾದರೋ ೧೯೪೮ರಲ್ಲಿಯೇ ತನ್ನ ಸೈನ್ಯವನ್ನು ವಿಸರ್ಜಿಸಿತ್ತು. ೧೯೫೧ರಲ್ಲಿ ಆ ಪಂಥದ ಹಲವು ಕುಟುಂಬಗಳು ಅಲ್ಲಿಗೆ ವಲಸೆ ಹೋಗಿ, ಬೆಟ್ಟದ ಮೇಲೆ ನೆಲ ಕೊಂಡು, ಹಸು ಸಾಕಿ, ಚೀಸ್ ತಯಾರಿಸಿ ಮಾರತೊಡಗಿದವು. ಇವರೂ ಹುಲ್ಲುಗಾವಲಿಗಾಗಿ ಕಾಡು ಕಡಿದವರೇ; ಇದನ್ನು ಮರೆಮಾಚಲು ಕಾರಣವಿಲ್ಲ. ಆದರೆ ತೊರೆಗಳು ಹುಟ್ಟುವ ಮೇಲ್ಭಾಗದ ಇಳಿಜಾರನ್ನು ಮಾತ್ರ ಅವರು ಕೊಡಲಿಯಿಂದ ದೂರವಿರಿಸಿದರು. ಎಲೆಗಳೂ ಹಾವಸೆಯೂ ಮೋಡದಿಂದ ಹಿಡಿದು ತೊಟ್ಟಿಕ್ಕಿಸುವ ನೀರು ಆ ತೊರೆಗಳನ್ನು ಬತ್ತಗೊಡುತ್ತಿರಲಿಲ್ಲ.

ಬೇಟೆಗಾರರೂ ಹೊಸ ಒಕ್ಕಲುಗಳೂ ಒತ್ತಿಬರಲು, ೧೯೭೨ರಲ್ಲಿ ಜೀವಶಾಸ್ತ್ರಾಭ್ಯಾಸಿ ಜಾರ್ಜ್ ಪವೆಲ್ ಅವರೂ ವಲಸೆಗಾರರಲ್ಲೊಬ್ಬರಾದ ವಿಲ್ಫರ್ಡ್ ಗಿಂಡನ್ ಅವರೂ ಶ್ರಮಿಸಿ ರಕ್ಷಿತಾರಣ್ಯವನ್ನು ನೆಲೆಗೊಳಿಸಿದರು. ಪ್ರವಾಸಿಗಳ ಕಾಲ ಬಂದದ್ದು ಇದರ ಅನಂತರವೇ.

ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಹೊಂಬಣ್ಣದ ಕಪ್ಪೆಯೊಂದು ಈ ಬೆಟ್ಟಸಾಲಿನಲ್ಲಿತ್ತು. ೧೯೮೭ರಲ್ಲಿ ಸಾವಿರಕ್ಕೂ ಮಿಕ್ಕಿ ಎಣಿಕೆಗೆ ಸಿಕ್ಕ ಆ ಕಪ್ಪೆ ೧೯೮೯ರಲ್ಲಿ ಒಂದೇ ಒಂದು ಕಂಡಿತು, ಆಮೇಲೆ ಕಾಣಲಿಲ್ಲ. ಶಿಲೀಂಧ್ರರೋಗ ಕಾರಣವೋ, ಆ ವರ್ಷಗಳ ಒಣಹವೆಯೋ, ಎರಡೂ ಕೂಡಿಯೋ ಎಂಬ ವಾದ ವಿದ್ವಾಂಸರಲ್ಲಿ ನಡೆದಿದೆ. ಅದು ಮೊಟ್ಟೆಯಿಡುತ್ತಿದ್ದ ಮಡುಗಳು ರಕ್ಷಿತಾರಣ್ಯದ ಎಲ್ಲೆಯೊಳಗೇ ಇದ್ದವು.