ಅರ್ಧ ಬಾಟ್ಸನ್ನಿನ ಋಣ: ಬಾಸೆಲ್ ಮಿಷನ್ ಸಮುದಾಯ ಮತ್ತು ಉನ್ನತ ಶಿಕ್ಷಣ

1855ರಲ್ಲಿ ಬಾಸೆಲ್ ನಗರದ ಉದ್ಯಮಿ ಕಾರ್ಲ್ ಸರಾಸಿನ್ ಒಂದು ಸರಳವಾದ ದೇಣಿಗೆ ಪದ್ಧತಿಯನ್ನು ಆರಂಭಿಸಿದನು. ಮಿಷನ್ನಿನ ಹಿತೈಷಿಗಳು ವಾರಕ್ಕೊಮ್ಮೆ ಅರ್ಧ ಬಾಟ್ಸನ್, ಎಂದರೆ ಐದು ಸಾಂಟೀಮಿನ ನಾಣ್ಯವೊಂದನ್ನು ಕೊಡಬೇಕು. ಸಂಗ್ರಾಹಕರು ಮನೆಮನೆಗೆ ಹೋಗಿ ಅದನ್ನು ಕೂಡಿಸಬೇಕು. ಸಿರಿವಂತರ ದತ್ತಿಗಳಿಗೆ ಹೀಗೆ ಬಡವರ ಕಿರುಗಾಣಿಕೆಯೂ ಸೇರಿತು. ಕನ್ನಡ, ತುಳು, ಮಲಯಾಳ ಪ್ರದೇಶಗಳಲ್ಲಿ ಮಿಷನ್ ನಡೆಸಿದ ವಿದ್ಯಾಸಂಸ್ಥೆಗಳ ಹಿಂದೆ ಇದ್ದದ್ದು ಇಂಥ ಹಣ. ಆ ಹಣ ಯಾರನ್ನು ಎಷ್ಟು ದೂರ ಓದಿಸಿತು, ಎಲ್ಲಿ ನಿಲ್ಲಿಸಿತು ಎಂಬುದು ಕನ್ನಡ ಕ್ರೈಸ್ತ ಸಮುದಾಯದ ಇತಿಹಾಸದಲ್ಲಿ ಮಾತ್ರವಲ್ಲ, ಕನ್ನಡದ ಶೈಕ್ಷಣಿಕ ಇತಿಹಾಸದಲ್ಲಿಯೂ ಕೇಳಬೇಕಾದ ಪ್ರಶ್ನೆ.

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಮೂಲತಃ ಒಂದು ತರಬೇತಿ ಸಂಸ್ಥೆ. ಅಲ್ಲಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವ್ಯುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು; ವಿಶ್ವವಿದ್ಯಾಲಯದ ಬಾಗಿಲು ಅವರಿಗೆ ಸುಲಭವಾಗಿ ತೆರೆಯುವಂತಿರಲಿಲ್ಲ. ಮಿಷನ್ ಅವರಿಗೆ ವಿದ್ಯೆಯನ್ನು ಕೊಟ್ಟು ಪ್ರತಿಯಾಗಿ ಸೇವೆಯನ್ನು ಕೇಳಿತು. ಎಲ್ಲಿಗೆ ಹೋಗಬೇಕು, ಯಾವಾಗ ಮದುವೆಯಾಗಬೇಕು ಎಂಬುದನ್ನೂ ಆಡಳಿತ ಸಮಿತಿಯೇ ನಿರ್ಧರಿಸುತ್ತಿತ್ತು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿಬಂದ ಹೆರ್ಮನ್ ಮೋಗ್ಲಿಂಗ್‌ನಂಥವರು ಈ ಬಳಗದಲ್ಲಿ ವಿರಳ. ಆದ್ದರಿಂದ ಮಂಗಳೂರಿಗೆ ಬಂದ ಮಿಷನರಿಗಳು ತಂದದ್ದು ತಾವೇ ಅನುಭವಿಸಿದ ವ್ಯವಸ್ಥೆಯನ್ನು: ವಿದ್ಯೆ ಉಚಿತ, ಆದರೆ ಅದರ ಫಲ ಸಂಸ್ಥೆಗೆ ಸಲ್ಲತಕ್ಕದ್ದು.

ಈ ವ್ಯವಸ್ಥೆಯಲ್ಲಿ ಅತಿ ಎತ್ತರಕ್ಕೆ ಏರಿದ ಕನ್ನಡ ನಾಡಿನವನು ಹೆರ್ಮನ್ ಆನಂದರಾವ್ ಕೌಂಡಿನ್ಯ. 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿ, 1844ರಲ್ಲಿ ದೀಕ್ಷಾಸ್ನಾನ ಪಡೆದ ಆತ ಮೋಗ್ಲಿಂಗ್‌ನೊಡನೆ ಯುರೋಪಿಗೆ ಹೋದನು. ಬಾಸೆಲ್‌ನ ಸೆಮಿನರಿಯಲ್ಲಿ ಶಿಕ್ಷಣ ಮುಗಿಸಿ 1851ರಲ್ಲಿ ಹಿಂದಿರುಗಿ ಮಂಗಳೂರಿನಲ್ಲಿ ಬೋಧಕನಾದನು. ಅಂದಿನ ಮತಾಂತರಿಗೆ ಮನೆ, ಜಾತಿ, ಆಸ್ತಿ ಮೂರೂ ಒಮ್ಮೆಗೇ ಕೈತಪ್ಪುವ ಭಯವಿತ್ತು. ಮತ ಬದಲಿಸಿದವರ ಉತ್ತರಾಧಿಕಾರವನ್ನು ರಕ್ಷಿಸುವ ಕಾನೂನು ಬಂದದ್ದು 1850ರಲ್ಲಿ. ಕೂಡುಕುಟುಂಬದಿಂದ ಹೊರಬಿದ್ದವನ ಓದಿನ ವೆಚ್ಚವನ್ನು ಹೊರಬಲ್ಲ ಇನ್ನೊಂದು ಕುಟುಂಬವಾಗಿ ಮಿಷನ್ ನಿಂತಿತು. ಆದರೆ ಕೌಂಡಿನ್ಯನ ದಾರಿ ಸಮುದಾಯದ ಹೆದ್ದಾರಿಯಾಗಲಿಲ್ಲ. ಉಳಿದವರ ಪಾಲಿಗೆ ಓದಿನ ಕೊನೆಯ ಮೆಟ್ಟಿಲು ಮಂಗಳೂರಿನ ಬಲ್ಮಠದ ಸೆಮಿನರಿ. ಅದು ಗಂಡಸರಿಗೆ ಮೀಸಲಾಗಿತ್ತು. ಉಪದೇಶಿ, ಶಿಕ್ಷಕ, ಪಾದ್ರಿ ಎಂಬ ಮೂರು ಹುದ್ದೆಗಳಿಗೆ ಅದು ದಾರಿ ಮಾಡಿಕೊಡುತ್ತಿತ್ತು.

ಸೆಮಿನರಿಗೆ ಹೋಗದವರಿಗೆ ಮಿಷನ್ ಉದ್ಯೋಗವನ್ನು ಸೃಷ್ಟಿಸಿತು. 1851ರ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ, ಮುದ್ರಣಾಲಯ ಇವೆಲ್ಲ ಮತಾಂತರಿತರ ಜೀವನಾಧಾರಗಳಾದವು. 1859ರಲ್ಲಿ ಸ್ಥಾಪಿತವಾದ ವ್ಯಾಪಾರ ಕಂಪನಿಯು ಪಾಲುದಾರರಿಗೆ ಮಿತವಾದ ಲಾಭಾಂಶವನ್ನು ಕೊಟ್ಟು ಮಿಷನ್ನಿನ ಕಾರ್ಯಕ್ಕೆ ನೆರವಾಯಿತು. ಹೀಗೆ ಒಂದು ಆವರ್ತನ ಏರ್ಪಟ್ಟಿತು: ಮಂಗಳೂರಿನ ಕಾರ್ಮಿಕನ ದುಡಿಮೆಯ ಲಾಭದ ಒಂದಂಶವೂ ಅವನ ಮಗನ ಶಾಲೆಯನ್ನು ನಡೆಸುವ ಸಂಸ್ಥೆಗೆ ಹೋಗುತ್ತಿತ್ತು. ಅಂದಮೇಲೆ ಆ ಶಿಕ್ಷಣವನ್ನು ಕೇವಲ ದೂರದವರ ದಾನವೆಂದು ಕರೆಯುವುದು ಅರ್ಧಸತ್ಯ. ಆದರೂ ಪಠ್ಯವನ್ನೂ ಓದಿನ ಮಿತಿಯನ್ನೂ ಗೊತ್ತುಮಾಡುವ ಅಧಿಕಾರ ಬಾಸೆಲ್‌ನಲ್ಲಿಯೇ ಉಳಿಯಿತು.

ಈ ಮಿತಿಯ ಪರಿಣಾಮ ನೀಲಗಿರಿಯಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಮದರಾಸಿನ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಕೇತಿಯಲ್ಲಿ ನೆಲೆಸಿ ಬಡಗರ ಮಕ್ಕಳಿಗಾಗಿ ಶಾಲೆ ತೆರೆದು, ಬಾಸೆಲ್ ಮಿಷನರಿಗಳನ್ನು ಅಲ್ಲಿಗೆ ಕರೆಸಿದನು. 1849ರಲ್ಲಿ ತೀರಿಕೊಂಡಾಗ ತನ್ನ ಆಸ್ತಿಯನ್ನು ಆ ಕಾರ್ಯಕ್ಕೆ ಬಿಟ್ಟನು. ಮೋಗ್ಲಿಂಗ್ ಸಂಪಾದಿಸಿದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಗೆ ಧನಸಹಾಯ ಮಾಡಿದವನೂ ಅವನೇ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚು ಕಂಡದ್ದು ಈ ಮಾಲೆಯಲ್ಲಿ. ಕೇತಿಯ ಹಳ್ಳಿಶಾಲೆಯನ್ನೂ ಕನ್ನಡದ ಪ್ರಾಚೀನ ಕಾವ್ಯವನ್ನೂ ಪೋಷಿಸಿದ್ದು ಒಂದೇ ಥೈಲಿ. ಆದರೆ ಅವೆರಡರ ನಡುವೆ ಏಣಿಯೊಂದು ನಿರ್ಮಾಣವಾಗಲಿಲ್ಲ. ಮಿಷನ್ ಬಡಗ ಮಕ್ಕಳಿಗೆ ಕನ್ನಡದಲ್ಲಿ ಅಕ್ಷರ ಕಲಿಸಿತು. ಅದೇ ಭಾಷೆಯಲ್ಲಿ ಮುಂದೆ ಓದಲು ಬೆಟ್ಟದ ಮೇಲೆ ಕಾಲೇಜು ಇರಲಿಲ್ಲ. 1857ರಲ್ಲಿ ಸ್ಥಾಪನೆಯಾದ ಮದರಾಸು ವಿಶ್ವವಿದ್ಯಾಲಯದ ಪದವಿಗೆ ಬೇಕಾದದ್ದು ಇಂಗ್ಲಿಷ್. ಕಾಲಕ್ರಮದಲ್ಲಿ ನೀಲಗಿರಿಯ ಶಾಲೆಗಳು ತಮಿಳಿಗೂ ಇಂಗ್ಲಿಷಿಗೂ ಹೊರಳಿದವು. ಮೊದಲ ತರಗತಿಯನ್ನು ಮಾತ್ರ ಪೋಷಿಸಿ ಮೇಲಿನ ತರಗತಿಯನ್ನು ಬೇರೆ ಭಾಷೆಗೆ ಬಿಟ್ಟುಕೊಟ್ಟ ಕಡೆ ಮೊದಲ ತರಗತಿಯೂ ಉಳಿಯುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ವಿದ್ವತ್ತಿನ ಮನ್ನಣೆಯೂ ಇದೇ ದಿಕ್ಕಿನಲ್ಲಿ ಹರಿಯಿತು. ಕನ್ನಡ ಸೇವೆಗಾಗಿ ಮೋಗ್ಲಿಂಗ್‌ನಿಗೆ 1858ರಲ್ಲಿ, ನಿಘಂಟುಕಾರ ಕಿಟೆಲ್‌ನಿಗೆ 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಆ ಗೌರವ ಅವರಿಗೆ ಸಲ್ಲಬೇಕಾದದ್ದೇ. ಆದರೆ ಅವರಿಗೆ ಹಸ್ತಪ್ರತಿ ಒದಗಿಸಿದ, ಪದದ ಅರ್ಥ ಬಿಡಿಸಿ ಹೇಳಿದ, ಕರಡು ತಿದ್ದಿದ ಸ್ಥಳೀಯ ವಿದ್ವಾಂಸರಿಗೆ ಅಂಥ ಪದವಿಯ ದಾರಿ ಯಾವುದೂ ತೆರೆದಿರಲಿಲ್ಲ.

1914ರ ಮಹಾಯುದ್ಧ ಈ ವ್ಯವಸ್ಥೆಯನ್ನು ಮುರಿಯಿತು. ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ದೇಶ ಬಿಟ್ಟರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋದವು. ಹಣದ ಮೂಲ ಬತ್ತಿದಾಗ ಸ್ಥಳೀಯ ಸಭೆಗಳು ಶಾಲೆಗಳ ಹೊಣೆಯನ್ನು ತಾವೇ ಹೊರಲು ಕಲಿಯಬೇಕಾಯಿತು. ಉಪಕಾರ ಪಡೆದವರು ವ್ಯವಸ್ಥಾಪಕರಾದದ್ದು ಕಷ್ಟಕಾಲದ ಈ ಒತ್ತಡದಲ್ಲಿ. ಬಲ್ಮಠದ ಪರಂಪರೆ 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಗಿ ಮುಂದುವರಿದು, ಸೆರಾಂಪುರ ಸೆನೆಟಿನ ಪದವಿಯೊಡನೆ ಜೋಡಣೆಗೊಂಡಿತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಕೇತಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡಿದ್ದ ಶೈಕ್ಷಣಿಕ ಬಳಗವೊಂದು ಹೀಗೆ ಗಡಿಗಳಲ್ಲಿ ಹಂಚಿಹೋಯಿತು. ಇಂದಿನ ಗಡಿನಾಡ ಕನ್ನಡ ಶಾಲೆಗಳ ಪೋಷಕರು ಸರಕಾರವಿರಲಿ, ಸಭೆಯಿರಲಿ, ಟ್ರಸ್ಟಿರಲಿ, ಅರ್ಧ ಬಾಟ್ಸನ್ನಿನ ಇತಿಹಾಸ ಅವರ ಮುಂದಿಡುವ ಪ್ರಶ್ನೆ ಹಣದ ಮೊತ್ತಕ್ಕೆ ಸಂಬಂಧಿಸಿದ್ದಲ್ಲ. ವಿದ್ಯಾರ್ಥಿ ಎಲ್ಲಿಯವರೆಗೆ ಓದಬೇಕೆಂದು ನಿರ್ಧರಿಸುವವರು ಯಾರು? ಆ ನಿರ್ಧಾರ ಓದುವವನ ಕೈಗೆ ಬರುವವರೆಗೆ ವಿದ್ಯಾದಾನದಲ್ಲಿ ಋಣದ ಅಂಶ ಉಳಿದೇ ಇರುತ್ತದೆ.